ಮೈಗ್ರೇನ್ ಔಷಧದ ಪ್ರಯೋಗಕ್ಕೆ ಸೇರುವುದು ಹೇಗೆ: ಡೈರಿಯಿಂದ ಕೊನೆಯ ಭೇಟಿಯವರೆಗೆ

ತಲೆನೋವನ್ನು ಅಳೆಯುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್‌ನಲ್ಲಿ ಅದು ಕಾಣುವುದೂ ಇಲ್ಲ. ರಕ್ತದೊತ್ತಡಕ್ಕೆ ಹೊಸ ಔಷಧ ಬಂದರೆ ತೋಳಿಗೆ ಪಟ್ಟಿ ಸುತ್ತಿ ಅಂಕಿ ಓದಬಹುದು. ಮೈಗ್ರೇನ್ ಔಷಧ ಕೆಲಸ ಮಾಡಿತೋ ಇಲ್ಲವೋ ಎಂಬುದು ನೋವುಂಡವರು ಡೈರಿಯಲ್ಲಿ ಏನು ಬರೆದರು ಎಂಬುದರ ಮೇಲೆಯೇ ನಿಂತಿದೆ. ಹಾಗಾಗಿ ಕ್ಲಿನಿಕಲ್ ಟ್ರಯಲ್‌ಗೆ ಸೇರಬೇಕೆಂದಿರುವವರು ಔಷಧದ ಹೆಸರಿಗಿಂತ ಮೊದಲು ಅಲ್ಲಿನ ಎಣಿಕೆಯ ಕ್ರಮ ತಿಳಿದುಕೊಳ್ಳಬೇಕು. ಯಾವ ದಿನವನ್ನು 'ಮೈಗ್ರೇನ್ ದಿನ' ಎನ್ನುತ್ತಾರೆ, ಗಡಿಯಾರ ಯಾವಾಗ ಶುರುವಾಗುತ್ತದೆ, ಯಾವ ಮಾತ್ರೆ ನುಂಗಿದರೆ ಲೆಕ್ಕ ಕೆಡುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದು ಸುಲಭ.

ಒಂದು ಮಾತು ಮೊದಲೇ ಹೇಳಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ತಾರಕಕ್ಕೇರುವ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲಿನ ಶಕ್ತಿ ಕುಂದುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು ಇವು ಪ್ರಯೋಗ ಹುಡುಕುವ ಹೊತ್ತಲ್ಲ, ಕೂಡಲೇ ಆಸ್ಪತ್ರೆಗೆ ಹೋಗುವ ಹೊತ್ತು. 50 ವರ್ಷ ದಾಟಿದ ಮೇಲೆ ಜೀವನದಲ್ಲಿ ಮೊದಲ ಬಾರಿಗೆ ಶುರುವಾದ ತಲೆನೋವಿಗೂ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು. ಹಲವು ಮೈಗ್ರೇನ್ ಪ್ರಯೋಗಗಳು ಕಾಯಿಲೆ 50ಕ್ಕಿಂತ ಮೊದಲೇ ಆರಂಭವಾಗಿರಬೇಕು ಎಂದು ಕೇಳುವುದು ಅದಕ್ಕೇ.

ನೋವಿಗೆ ಸರಿಯಾದ ಹೆಸರು

ಪ್ರಯೋಗಗಳು 'ತಲೆನೋವಿರುವವರು ಬನ್ನಿ' ಎಂದು ಕರೆಯುವುದಿಲ್ಲ. ಯಾವ ಬಗೆಯ ತಲೆನೋವು ಎಂಬುದನ್ನು ಕರಾರುವಾಕ್ಕಾಗಿ ಹೇಳಿರುತ್ತವೆ. ಎಲ್ಲರೂ ಬಳಸುವ ಅಳತೆಗೋಲು ಇಂಟರ್‌ನ್ಯಾಷನಲ್ ಹೆಡೇಕ್ ಸೊಸೈಟಿಯ ವರ್ಗೀಕರಣ, ಅದರ ಮೂರನೇ ಆವೃತ್ತಿ 2018ರದು. ಅದರಂತೆ ಔರಾ (ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವಂಥ ಲಕ್ಷಣ) ಇಲ್ಲದ ಮೈಗ್ರೇನ್ ಎನ್ನಲು ಕನಿಷ್ಠ 5 ಸಲ ನೋವು ಬಂದಿರಬೇಕು, ಔಷಧ ತೆಗೆದುಕೊಳ್ಳದಿದ್ದರೆ ಪ್ರತಿ ಸಲ 4ರಿಂದ 72 ಗಂಟೆ ಕಾಡಿರಬೇಕು. ತಲೆಯ ಒಂದೇ ಪಕ್ಕ ನೋಯುವುದು, ನಾಡಿಯಂತೆ ಮಿಡಿಯುವುದು, ನೋವು ಮಧ್ಯಮ ಅಥವಾ ತೀವ್ರವಾಗಿರುವುದು, ಮೆಟ್ಟಿಲು ಹತ್ತಿದಂಥ ಮಾಮೂಲಿ ಓಡಾಟಕ್ಕೂ ಹೆಚ್ಚಾಗುವುದು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಶಬ್ದ ಎರಡನ್ನೂ ಸಹಿಸಲಾಗಬಾರದು. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣವಿದ್ದು, ಹೀಗೇ 3 ತಿಂಗಳು ದಾಟಿದರೆ ಅದು ದೀರ್ಘಕಾಲಿಕ ಮೈಗ್ರೇನ್.

ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಗಾಲ್ಕನೆಜುಮ್ಯಾಬ್ ಎಂಬ ಇಂಜೆಕ್ಷನ್ ಬಿಟ್ಟು ಬಿಟ್ಟು ಬರುವ ಕ್ಲಸ್ಟರ್ ತಲೆನೋವಿನಲ್ಲಿ (ಒಂದು ಕಣ್ಣಿನ ಸುತ್ತ ಕಾಡುವ ತೀವ್ರ ನೋವು) ಗುಣ ತೋರಿಸಿ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬಿಡುವಿಲ್ಲದೆ ಕಾಡುವ ಕ್ಲಸ್ಟರ್ ತಲೆನೋವಿನ ಪ್ರಯೋಗದಲ್ಲಿ ಅದೇ ಔಷಧ ಪ್ಲಸೀಬೊವನ್ನು, ಅಂದರೆ ನೋಡಲು ಔಷಧದಂತೆಯೇ ಇದ್ದು ಒಳಗೆ ಔಷಧವಿಲ್ಲದ ನಕಲಿಯನ್ನು, ಮೀರಲಿಲ್ಲ.

ಇನ್ನೊಂದು ಗಂಟು ನೋವಿನ ಮಾತ್ರೆಗಳ ಅತಿಬಳಕೆ. ಮೊದಲೇ ತಲೆನೋವಿನ ಕಾಯಿಲೆ ಇರುವವರು ಟ್ರಿಪ್ಟಾನ್ (ಮೈಗ್ರೇನ್ ನಿಲ್ಲಿಸುವ ಔಷಧಗಳು), ಓಪಿಯಾಯ್ಡ್ (ಅಫೀಮು ಜಾತಿಯ ನೋವುನಿವಾರಕಗಳು), ಎರಡು ಮೂರು ಔಷಧ ಬೆರೆಸಿದ ನೋವಿನ ಮಾತ್ರೆ ಇವನ್ನು ತಿಂಗಳಲ್ಲಿ 10 ದಿನ, ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೇನ್‌ನಂಥ ಸಾದಾ ಮಾತ್ರೆಗಳನ್ನು 15 ದಿನ ಅಥವಾ ಹೆಚ್ಚು, 3 ತಿಂಗಳು ಮೀರಿ ನುಂಗುತ್ತಿದ್ದರೆ ಮಾತ್ರೆಗಳೇ ತಲೆನೋವನ್ನು ಹೆಚ್ಚಿಸಿರಬಹುದು. ಕೆಲವು ಪ್ರಯೋಗಗಳು ಇಂಥವರನ್ನು ಸೇರಿಸಿಕೊಳ್ಳುತ್ತವೆ, ಹಲವು ಸೇರಿಸಿಕೊಳ್ಳುವುದಿಲ್ಲ. ಇದನ್ನು ಮುಚ್ಚಿಟ್ಟು ಸೇರಿದರೆ ನಷ್ಟ ನಿಮ್ಮದೇ.

ಅರ್ಜಿಗೆ ಮುಂಚೆ ಎರಡು ತಿಂಗಳ ಡೈರಿ

ಪ್ರಯೋಗದ ಡೈರಿ ಆಮೇಲೆ ಕೊಡುತ್ತಾರೆ. ಅದಕ್ಕೂ ಮುಂಚೆ ನಿಮ್ಮದೇ ಒಂದು ಡೈರಿ ಎರಡರಿಂದ ಮೂರು ತಿಂಗಳಿನದು ಕೈಯಲ್ಲಿರಲಿ. ನೋವು ಶುರುವಾದ ಗಂಟೆ, ನಿಂತ ಗಂಟೆ, ತೀವ್ರತೆ, ವಾಕರಿಕೆ, ಬೆಳಕು, ಶಬ್ದ, ನುಂಗಿದ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಎರಡು ಗಂಟೆಯ ಬಳಿಕ ನೋವು ಹೇಗಿತ್ತು, ಮುಟ್ಟಿನ ದಿನಗಳು ಇಷ್ಟು ಸಾಕು. ತೀವ್ರತೆಗೆ ಪ್ರಯೋಗಗಳಲ್ಲಿ ಬಳಸುವ ನಾಲ್ಕು ಮೆಟ್ಟಿಲನ್ನೇ ಬಳಸಿ: 0 ಎಂದರೆ ನೋವಿಲ್ಲ, 1 ಅಲ್ಪ, 2 ಮಧ್ಯಮ, 3 ತೀವ್ರ. ಕೆಲಸ ಮಾಡಿಕೊಂಡೇ ತಡೆದುಕೊಳ್ಳಬಹುದಾದರೆ 1, ಕೆಲಸ ಕುಂಟುತ್ತಿದ್ದರೆ 2, ಮಲಗಲೇಬೇಕಾದರೆ 3 ಎಂದಿಟ್ಟುಕೊಂಡರೆ ದಿನದಿಂದ ದಿನಕ್ಕೆ ಅಳತೆ ಬದಲಾಗುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ನೋವಿಲ್ಲದ ದಿನವನ್ನು ಖಾಲಿ ಬಿಡುವುದು. ಖಾಲಿ ಬಿಟ್ಟ ದಿನ ನೋವಿರಲಿಲ್ಲವೋ, ಬರೆಯಲು ಮರೆತರೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಚೆನ್ನಾಗಿದ್ದ ದಿನಕ್ಕೂ 0 ಬರೆಯಿರಿ. ಎರಡನೆಯ ತಪ್ಪು ಅಲ್ಪ ನೋವನ್ನು ಕೈಬಿಡುವುದು. ದೊಡ್ಡ ನೋವಿಗೆ ಒಗ್ಗಿಹೋದವರಿಗೆ 1 ಎಂಬುದು ನೋವೇ ಅಲ್ಲ ಅನ್ನಿಸುತ್ತದೆ, ಆದರೆ ದೀರ್ಘಕಾಲಿಕ ಮೈಗ್ರೇನ್‌ನ 15 ದಿನದ ಲೆಕ್ಕದಲ್ಲಿ ಅದೂ ಸೇರುತ್ತದೆ.

ಯಾವ ಬಗೆಯ ಪ್ರಯೋಗ?

ಮೈಗ್ರೇನ್ ಪ್ರಯೋಗಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬಂದ ನೋವನ್ನು ನಿಲ್ಲಿಸುವ ಔಷಧದ ಪ್ರಯೋಗದಲ್ಲಿ ನಿಮ್ಮ ಪಾತ್ರ ಹೆಚ್ಚಾಗಿ ಒಂದೇ ನೋವಿನದು: ಔಷಧ ಮನೆಗೆ ಕೊಡುತ್ತಾರೆ, ನೋವು ಬಂದಾಗ ತೆಗೆದುಕೊಂಡು 48 ಗಂಟೆ ದಾಖಲಿಸಬೇಕು. ನೋವು ಬಾರದಂತೆ ತಡೆಯುವ ಔಷಧದ್ದು ತಿಂಗಳುಗಟ್ಟಲೆ ನಡೆಯುತ್ತದೆ. 4 ವಾರ ಬರೀ ಡೈರಿ, ಸಾಮಾನ್ಯವಾಗಿ 12 ವಾರ ಔಷಧ ಅಥವಾ ಪ್ಲಸೀಬೊ, ಹಲವು ಕಡೆ ಅದರ ಮೇಲೆ ಎಲ್ಲರಿಗೂ ನಿಜವಾದ ಔಷಧ ಕೊಡುವ ಮುಂದುವರಿದ ಅವಧಿ. ನರಗಳಿಗೆ ಸಣ್ಣ ವಿದ್ಯುತ್ ಕೊಡುವ ಸಾಧನಗಳ ಪ್ರಯೋಗಗಳೂ ಇವೆ. ಅಲ್ಲಿ ಪ್ಲಸೀಬೊ ಜಾಗದಲ್ಲಿ ಪರಿಣಾಮವಿಲ್ಲದ ನಕಲಿ ಸಾಧನವಿರುತ್ತದೆ, ಆದರೆ ಚರ್ಮ ಜುಮುಗುಟ್ಟಿದ್ದರಿಂದಲೇ ಅಸಲಿ ಯಾವುದೆಂದು ಊಹಿಸಿಬಿಡುವುದು ಅಲ್ಲಿನ ದೊಡ್ಡ ತೊಡಕು.

ಹಂತವನ್ನೂ ನೋಡಿಕೊಳ್ಳಿ. ಮೊದಲ ಹಂತದಲ್ಲಿ ಹೆಚ್ಚಾಗಿ ಆರೋಗ್ಯವಂತರು, ಸಂಖ್ಯೆ ಹತ್ತಾರು. ಎರಡನೆಯದರಲ್ಲಿ ನೂರಾರು ರೋಗಿಗಳು, ಪ್ರಮಾಣ ಎಷ್ಟಿರಬೇಕೆಂಬ ಹುಡುಕಾಟ. ಮೂರನೆಯದು ನೂರಾರಿಂದ ಸಾವಿರಾರು ಜನರ ಮೇಲೆ ನಡೆಯುವ ನಿರ್ಣಾಯಕ ಹಂತ. ಹೊಸಬರಿಗೆ ಮೂರನೆಯ ಹಂತವೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಆ ಹೊತ್ತಿಗೆ ಔಷಧದ ಗುಣದೋಷ ಸಾಕಷ್ಟು ಹೊರಬಿದ್ದಿರುತ್ತದೆ.

ಇತ್ತೀಚಿನ ಪ್ರಯೋಗಗಳ ಬೇರು ಸಿಜಿಆರ್‌ಪಿ ಎಂಬ ಪೆಪ್ಟೈಡ್‌ನಲ್ಲಿದೆ, ಅಂದರೆ ನರಗಳು ಹೊರಬಿಡುವ ಪ್ರೋಟೀನ್‌ನಂಥ ಚಿಕ್ಕ ಅಣುವಿನಲ್ಲಿ. ಮೈಗ್ರೇನ್ ಹೊತ್ತಿನಲ್ಲಿ ಅದು ಕುತ್ತಿಗೆಯ ರಕ್ತನಾಳದ ರಕ್ತದಲ್ಲಿ ಏರುತ್ತದೆಂದು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಅದನ್ನು ತಡೆಯುವ ಮೊದಲ ಪ್ರತಿಕಾಯ ಔಷಧ ಎರೆನುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2018ರಲ್ಲಿ. ನಡುವಿನ 28 ವರ್ಷದಲ್ಲಿ ಸೋಲುಗಳೂ ಇವೆ. ಟೆಲ್ಕಾಜೆಪಾಂಟ್ ಎಂಬ ಮಾತ್ರೆ ನೋವು ಇಳಿಸಿತು, ಆದರೆ ದಿನವೂ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದರಿಂದ ಅದರ ಅಭಿವೃದ್ಧಿ ನಿಂತಿತು. ಇಂದಿಗೂ ಈ ಗುಂಪಿನ ಮಾತ್ರೆಗಳ ಪ್ರಯೋಗದಲ್ಲಿ ಯಕೃತ್ತಿನ ಪರೀಕ್ಷೆಗೆಂದು ಮತ್ತೆ ಮತ್ತೆ ರಕ್ತ ತೆಗೆದರೆ ಬೇಸರಪಡಬೇಡಿ, ಕಾರಣ ಇದೇ. ಈಗ ಪಿಎಸಿಎಪಿ ಎಂಬ ಇನ್ನೊಂದು ಪೆಪ್ಟೈಡ್ ಮೇಲೂ ಕೆಲಸ ನಡೆದಿದೆ. ಅದನ್ನು ತಡೆಯುವ ಪ್ರತಿಕಾಯದ ಎರಡನೇ ಹಂತದ ಫಲಿತಾಂಶ 2023ರಲ್ಲಿ ಬಂತು: ಮೊದಲ 4 ವಾರದಲ್ಲಿ ಮೈಗ್ರೇನ್ ದಿನಗಳು ಔಷಧದಿಂದ 6.2, ಪ್ಲಸೀಬೊದಿಂದ 4.2 ಇಳಿದವು.

ಎಲ್ಲಿ ಹುಡುಕುವುದು, ಏನನ್ನು ಓದುವುದು

ಸಾಮಾಜಿಕ ಜಾಲತಾಣದ ಜಾಹೀರಾತು ನೋಡಿ ಹೆಸರು ಕೊಡುವ ಮುಂಚೆ ಆ ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿದೆಯೇ ನೋಡಿ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ತಾಣದಲ್ಲಿ ಪ್ರತಿ ಪ್ರಯೋಗಕ್ಕೂ ಎನ್‌ಸಿಟಿ ಎಂದು ಶುರುವಾಗುವ 8 ಅಂಕಿಯ ಗುರುತು ಇರುತ್ತದೆ. ಬೇರೆ ಬೇರೆ ದೇಶಗಳ ನೋಂದಣಿಗಳನ್ನು ಒಟ್ಟಿಗೆ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ತಾಣವಿದೆ. ಕಾಯಿಲೆಯ ಹೆಸರು ಹಾಕಿ, ಸ್ಥಿತಿಯಲ್ಲಿ 'ರಿಕ್ರೂಟಿಂಗ್' ಎಂಬುದನ್ನು ಆರಿಸಿ. ನೋಂದಣಿಯೇ ಇಲ್ಲದ ಪ್ರಯೋಗದಿಂದ ದೂರವಿರಿ. ನೋಂದಣಿ ಇದ್ದ ಮಾತ್ರಕ್ಕೆ ಅದು ಒಳ್ಳೆಯದೆಂದಲ್ಲ, ಅದನ್ನು ಯಾರೋ ತೂಗಿ ನೋಡಿದ್ದಾರೆಂದೂ ಅಲ್ಲ. ಆ ಕೆಲಸ ನೈತಿಕ ಸಮಿತಿಯದು.

ಪುಟ ತೆರೆದಾಗ ಮೊದಲು 'ಪ್ರೈಮರಿ ಔಟ್‌ಕಮ್' ಓದಿ. ಪ್ರಯೋಗ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸುವುದು ಅದೊಂದೇ ಸಾಲು. ನೋವು ನಿಲ್ಲಿಸುವ ಔಷಧಕ್ಕಾದರೆ 2 ಗಂಟೆಯಲ್ಲಿ ನೋವು ಪೂರ್ತಿ ಹೋಯಿತೇ, ಜೊತೆಗೆ ಅತಿ ಹೆಚ್ಚು ಕಾಡುವ ಲಕ್ಷಣ ಹೋಯಿತೇ ಎಂಬುದಿರುತ್ತದೆ. ತಡೆಯುವ ಔಷಧಕ್ಕೆ ತಿಂಗಳ ಮೈಗ್ರೇನ್ ದಿನಗಳು ಎಷ್ಟು ಇಳಿದವು ಎಂಬುದು. ಆಮೇಲೆ ಯಾರು ಸೇರಬಹುದು, ಯಾರು ಸೇರಬಾರದು ಎಂಬ ಪಟ್ಟಿಗಳನ್ನು ಡೈರಿ ಪಕ್ಕದಲ್ಲಿಟ್ಟುಕೊಂಡು ಓದಿ. ಕನಿಷ್ಠ ಒಂದು ವರ್ಷದ ಮೈಗ್ರೇನ್ ಇತಿಹಾಸ, ತಿಂಗಳಿಗೆ 4ರಿಂದ 14 ಮೈಗ್ರೇನ್ ದಿನ ಎಂಬ ಮಿತಿ ಹಲವು ತಡೆ ಪ್ರಯೋಗಗಳಲ್ಲಿ ಕಾಣುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ದೇಹದ ಒಂದು ಪಕ್ಕ ಸೋಲುವ ಬಗೆಯ ಮೈಗ್ರೇನ್ ಇರುವವರು ಸಾಮಾನ್ಯವಾಗಿ ಹೊರಗುಳಿಯುತ್ತಾರೆ. ಮೈಗ್ರೇನ್ ತಡೆಗೆ ಬೊಟುಲಿನಮ್ (ಬೋಟಾಕ್ಸ್) ಚುಚ್ಚಿಸಿಕೊಂಡವರಿಗೆ ಹಲವು ಕಡೆ 4 ತಿಂಗಳ ಅಂತರ ಬೇಕು.

ಸೇರಬೇಕೆಂಬ ಆತುರದಲ್ಲಿ ಈಗಿನ ಔಷಧವನ್ನು ನೀವೇ ನಿಲ್ಲಿಸಬೇಡಿ. ಮೈಗ್ರೇನ್ ತಡೆಗೆ ಕೊಡುವ ಪ್ರೊಪ್ರನಲಾಲ್ ಥಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆಯಾಗಬಹುದು. ಟೋಪಿರಾಮೇಟ್ ಕೂಡ ಮೆಲ್ಲಗೆ ಇಳಿಸಬೇಕಾದ ಔಷಧ. ನಿಲ್ಲಿಸುವುದಿದ್ದರೆ ನಿಮ್ಮ ವೈದ್ಯರ ಕೈಯಲ್ಲೇ ಆಗಲಿ.

ಒಪ್ಪಿಗೆ ಪತ್ರ

ಸಹಿಯ ದಿನ ಪತ್ರವನ್ನು ಮನೆಗೆ ಕೊಂಡೊಯ್ಯಲು ಕೇಳಿ. ಓದಲು ಸಮಯ ಕೊಡದವರ ಬಳಿ ಸಹಿ ಹಾಕಬೇಡಿ. ಪತ್ರದಲ್ಲಿ ಇವಕ್ಕೆ ಉತ್ತರ ಸಿಗದಿದ್ದರೆ ಕೇಳಿಯೇ ಪಡೆಯಿರಿ:

- ಪ್ಲಸೀಬೊ ಬರುವ ಸಾಧ್ಯತೆ ಎಷ್ಟು? ಎರಡರಲ್ಲೊಂದೋ, ಮೂರರಲ್ಲೊಂದೋ?
- ನೋವು ತಡೆಯದಾದರೆ ಯಾವ ಮಾತ್ರೆ, ಎಷ್ಟು ಗಂಟೆಯ ಮೇಲೆ ತೆಗೆದುಕೊಳ್ಳಬಹುದು?
- ಔಷಧದಿಂದ ಹಾನಿಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಯಾರದು? ಎಲ್ಲಿಯವರೆಗೆ?
- ಮಧ್ಯರಾತ್ರಿ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆಮಾಡಬೇಕು?
- ಗರ್ಭನಿರೋಧ ಎಷ್ಟು ತಿಂಗಳು ಕಡ್ಡಾಯ? ಕೊನೆಯ ಡೋಸ್ ಆದ ಮೇಲೂ ಎಷ್ಟು ದಿನ?
- ಪ್ರಯೋಗ ಮುಗಿದ ಮೇಲೆ ಔಷಧ ಸಿಗುತ್ತದೆಯೇ?

ಕೊನೆಯದಕ್ಕೆ ಹೆಚ್ಚಿನ ಕಡೆ ಉತ್ತರ 'ಇಲ್ಲ' ಎಂದೇ ಇರುತ್ತದೆ. ಔಷಧ ಒಗ್ಗಿ, ವರ್ಷಗಳ ನೋವು ಇಳಿದು, ಆಮೇಲೆ ಅದು ಕೈತಪ್ಪಿದಾಗ ಆಗುವ ಸಂಕಟ ಸಣ್ಣದಲ್ಲ. ಸಹಿ ಮಾಡುವ ಮುಂಚೆಯೇ ಅದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ಸಂಶೋಧಕ ವೈದ್ಯರು ನಿಮ್ಮ ಮಾಮೂಲಿ ವೈದ್ಯರಂತೆ ಡೋಸ್ ಹೆಚ್ಚು ಕಡಿಮೆ ಮಾಡಲಾರರು. ಅವರು ಬರೆದಿಟ್ಟ ನಿಯಮದಂತೆ ನಡೆಯಬೇಕು. ಆದ್ದರಿಂದ ಮಾಮೂಲಿ ವೈದ್ಯರನ್ನು ಬಿಡಬೇಡಿ, ಪ್ರಯೋಗದ ವಿಷಯ ಅವರಿಗೂ ತಿಳಿಸಿ.

ಮೊದಲ ತಪಾಸಣೆ

ರಕ್ತ, ಮೂತ್ರ, ಇಸಿಜಿ, ರಕ್ತದೊತ್ತಡ, ಗರ್ಭಪರೀಕ್ಷೆ, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಕುರಿತ ಪ್ರಶ್ನೆಗಳು, ತಲೆನೋವಿನ ಹೊರೆ ಅಳೆಯುವ ಪ್ರಶ್ನಾವಳಿಗಳು. ಅವುಗಳಲ್ಲಿ ಮಿಡಾಸ್ ಎಂಬುದು ಕಳೆದ 3 ತಿಂಗಳಲ್ಲಿ ಕೈತಪ್ಪಿದ ದಿನಗಳನ್ನು ಕೂಡುತ್ತದೆ, ಮೊತ್ತ 21 ಅಥವಾ ಹೆಚ್ಚಾದರೆ ಹೊರೆ ತೀವ್ರ ಎಂದರ್ಥ. ನೀವು ಒಯ್ಯಬೇಕಾದ್ದು ಹಿಂದೆ ತೆಗೆದುಕೊಂಡ ಪ್ರತಿ ತಡೆ ಔಷಧದ ಹೆಸರು, ಡೋಸ್, ಎಷ್ಟು ತಿಂಗಳು, ಏಕೆ ಬಿಟ್ಟಿರಿ ಎಂಬ ಪಟ್ಟಿ. ಎರಡು ವಾರ ನುಂಗಿ ಬಿಟ್ಟದ್ದನ್ನು 'ಫಲಿಸಲಿಲ್ಲ' ಎನ್ನುವುದು ತಪ್ಪು. ಸರಿಯಾದ ಡೋಸ್‌ನಲ್ಲಿ ಎರಡು ತಿಂಗಳಾದರೂ ನೋಡಿರಬೇಕು. ಅಡ್ಡಪರಿಣಾಮದಿಂದ ಬಿಟ್ಟಿದ್ದರೆ ಹಾಗೆಂದೇ ಹೇಳಿ, ಅದರ ಲೆಕ್ಕ ಬೇರೆ. ಗಿಡಮೂಲಿಕೆ, ವಿಟಮಿನ್ ಏನನ್ನೂ ಬಿಡಬೇಡಿ. ಗ್ರೇಪ್‌ಫ್ರೂಟ್ ರಸ, ಸೇಂಟ್ ಜಾನ್ಸ್ ವರ್ಟ್‌ನಂಥವು ಸಿಜಿಆರ್‌ಪಿ ತಡೆಯುವ ಯೂಬ್ರೋಜೆಪಾಂಟ್, ಅಟೋಜೆಪಾಂಟ್ ಮಾದರಿಯ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲವು ಅಥವಾ ಇಳಿಸಬಲ್ಲವು.

28 ದಿನದ ಬರಿಯ ಡೈರಿ: ಇಲ್ಲಿಯೇ ಹೆಚ್ಚು ಜನ ಜಾರುವುದು

ತಡೆ ಔಷಧದ ಪ್ರಯೋಗದಲ್ಲಿ ಮೊದಲ 28 ದಿನ ಹೊಸ ಔಷಧ ಕೊಡುವುದಿಲ್ಲ. ಫೋನಿನಲ್ಲೋ ಅವರು ಕೊಟ್ಟ ಉಪಕರಣದಲ್ಲೋ ಪ್ರತಿದಿನ ದಾಖಲಿಸಬೇಕು. ಹಲವು ಕಡೆ ಶೇ. 80ರಷ್ಟು ದಿನ ತುಂಬಿರಬೇಕೆಂಬ ನಿಯಮವಿದೆ. ಲೆಕ್ಕ ಹಾಕಿ: 28ರಲ್ಲಿ 5 ದಿನ ತಪ್ಪಿದರೆ ಶೇ. 82, ಪಾಸು. 6 ದಿನ ತಪ್ಪಿದರೆ ಶೇ. 79ಕ್ಕೂ ಕಡಿಮೆ, ಹೊರಗೆ. ಹಿಂದಿನ ದಿನದ್ದನ್ನು ತುಂಬುವ ಅವಕಾಶ ಬೇಗ ಮುಚ್ಚಿಹೋಗುತ್ತದೆ, ಕೆಲವು ದಿನಗಳದ್ದನ್ನು ಒಟ್ಟಿಗೆ ತುಂಬಲು ಬರುವುದಿಲ್ಲ. ದಿನವೂ ಮಲಗುವ ಮುಂಚೆ ಒಂದೇ ಹೊತ್ತಿಗೆ ಅಲಾರಂ ಇಡಿ. ನೋವು ಜೋರಿದ್ದು ಪರದೆ ನೋಡಲಾಗದ ದಿನಗಳೇ ತಪ್ಪಿಹೋಗುವುದು, ಆದರೆ ಪ್ರಯೋಗಕ್ಕೆ ಅವೇ ಮುಖ್ಯ. ಪರದೆಯ ಬೆಳಕು ತಗ್ಗಿಸಿಡಿ, ನಮೂದಿಸಲು ನೆನಪಿಸುವ ಒಬ್ಬರು ಮನೆಯಲ್ಲಿರಲಿ. ನಮೂದು ಮಾತ್ರ ನಿಮ್ಮದೇ ಆಗಿರಬೇಕು.

ಕಡೆಯ ದಿನಗಳಲ್ಲಿ ಒಂದು ಆಸೆ ಹುಟ್ಟುತ್ತದೆ: ಇನ್ನೊಂದೆರಡು ದಿನ ನೋವು ಎಂದು ಹಾಕಿದರೆ ಆಯ್ಕೆಯಾಗಬಹುದಲ್ಲ? ಇದಕ್ಕಿಂತ ದೊಡ್ಡ ಹಾನಿ ಪ್ರಯೋಗಕ್ಕೆ ಇನ್ನೊಂದಿಲ್ಲ. ನಿಜವಾಗಿ 6 ದಿನ ನೋವಿದ್ದವರು 8 ಎಂದು ಹಾಕಿ ಒಳಬಂದರೆ, ಆಮೇಲೆ ಮತ್ತೆ 6 ಬರೆಯುತ್ತಾರೆ. ಏನನ್ನೂ ಕೊಡದೆಯೇ ಎರಡು ದಿನ ಇಳಿದಂತೆ ಕಾಣುತ್ತದೆ. ಪ್ಲಸೀಬೊ ಪಡೆದವರಲ್ಲೂ ಹೀಗೇ ಇಳಿದರೆ ಒಳ್ಳೆಯ ಔಷಧವೂ ಪ್ಲಸೀಬೊಗಿಂತ ಮೇಲೆಂದು ತೋರಿಸಲಾಗದೆ ಸೋಲುತ್ತದೆ. ಎಷ್ಟು ದಿನ ಬೇಕೆಂಬ ಅಂಕಿಯನ್ನು ಹಲವು ಕಡೆ ಸಿಬ್ಬಂದಿ ಬಾಯಿಬಿಟ್ಟು ಹೇಳದಿರುವುದು ಇದೇ ಕಾರಣಕ್ಕೆ.

ಪ್ಲಸೀಬೊ ಎಂಬ ಎದುರಾಳಿ

ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ನಿಮಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಪ್ಲಸೀಬೊ ಎಂದರೆ ಏನೂ ಆಗುವುದಿಲ್ಲ ಎಂದುಕೊಳ್ಳುವವರು 2017ರಲ್ಲಿ ಪ್ರಕಟವಾದ ಎರೆನುಮ್ಯಾಬ್‌ನ ಸ್ಟ್ರೈವ್ ಪ್ರಯೋಗದ ಅಂಕಿ ನೋಡಬೇಕು. 955 ಜನ, ತಿಂಗಳಿಗೆ ಸರಾಸರಿ 8.3 ಮೈಗ್ರೇನ್ ದಿನ. 70 ಮಿಲಿಗ್ರಾಂ ಪಡೆದವರಲ್ಲಿ 3.2 ದಿನ, 140 ಪಡೆದವರಲ್ಲಿ 3.7 ದಿನ, ಪ್ಲಸೀಬೊ ಪಡೆದವರಲ್ಲಿ 1.8 ದಿನ ಇಳಿಯಿತು. ಮೈಗ್ರೇನ್ ದಿನಗಳು ಅರ್ಧಕ್ಕಿಂತ ಕಡಿಮೆಯಾದವರು ಅಥವಾ ಅರ್ಧಕ್ಕಿಳಿದವರು ಕ್ರಮವಾಗಿ ಶೇ. 43.3, ಶೇ. 50 ಮತ್ತು ಶೇ. 26.6. ಮಕ್ಕಳಲ್ಲಿ ಇದು ಇನ್ನೂ ಜೋರು. 8ರಿಂದ 17 ವರ್ಷದವರ ಮೇಲೆ ನಡೆದ ಚಾಂಪ್ ಪ್ರಯೋಗದಲ್ಲಿ ತಲೆನೋವಿನ ದಿನಗಳು ಅರ್ಧಕ್ಕಾದರೂ ಇಳಿದವರು ಅಮಿಟ್ರಿಪ್ಟಿಲಿನ್‌ನಲ್ಲಿ ಶೇ. 52, ಟೋಪಿರಾಮೇಟ್‌ನಲ್ಲಿ ಶೇ. 55, ಪ್ಲಸೀಬೊದಲ್ಲಿ ಶೇ. 61. ಆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಈ ಹನ್ನೆರಡು ವಾರದಲ್ಲಿ ನಿಮ್ಮ ಕೆಲಸ ಊಹಿಸುವುದಲ್ಲ. ಮಾತ್ರೆ ಒಡೆದು ರುಚಿ ನೋಡುವುದು, ಇತರ ಭಾಗಿಗಳೊಂದಿಗೆ ಅನುಭವ ಹೋಲಿಸುವುದು ಬೇಡ. ಹೊಸ ಪೂರಕ, ಹೊಸ ಚಿಕಿತ್ಸೆ ಏನನ್ನಾದರೂ ಆರಂಭಿಸಬೇಕೆನಿಸಿದರೆ ಮೊದಲು ಕೇಳಿ.

ನೋವು ನಿಲ್ಲಿಸುವ ಔಷಧವಾದರೆ, ನೋವು ಬಂದ ದಿನ

1. ಹಿಂದಿನ 24ರಿಂದ 48 ಗಂಟೆಯಲ್ಲಿ ಬೇರೆ ನೋವಿನ ಮಾತ್ರೆ ನುಂಗಿದ್ದೀರಾ ನೋಡಿ. ನುಂಗಿದ್ದರೆ ಈ ನೋವನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ನಿಖರ ಗಂಟೆ ನಿಮ್ಮ ಸೂಚನಾ ಪತ್ರದಲ್ಲಿರುತ್ತದೆ.
2. ನೋವು 2 ಅಥವಾ 3ಕ್ಕೆ ಏರುವವರೆಗೆ ತೆಗೆದುಕೊಳ್ಳಬೇಡಿ. ಅಲ್ಪ ನೋವು ತಾನಾಗಿಯೇ ಹೋಗಿಬಿಡಬಹುದು, ಹೋದದ್ದು ಔಷಧದಿಂದಲೇ ಎಂದು ಹೇಳಲಾಗದು.
3. ಮಾತ್ರೆಗೆ ಮುಂಚೆ ಡೈರಿ. ನೋವಿನ ಅಂಕಿ ಹಾಕಿ, ವಾಕರಿಕೆ, ಬೆಳಕು, ಶಬ್ದ ಈ ಮೂರರಲ್ಲಿ ಈಗ ಅತಿ ಹೆಚ್ಚು ಕಾಡುತ್ತಿರುವುದನ್ನು ಆರಿಸಿ. ಮಾತ್ರೆ ನುಂಗಿದ ಮೇಲೆ ಆರಿಸಿದರೆ, ಆಗಲೇ ಇಳಿಯುತ್ತಿರುವುದನ್ನು ಆರಿಸುವ ಸಾಧ್ಯತೆ ಇದೆ.
4. ಮಾತ್ರೆ ನುಂಗಿ ಗಂಟೆ ನಿಮಿಷ ಬರೆಯಿರಿ. ಆಮೇಲೆ ಉಪಕರಣ ಕೇಳಿದಾಗಲೆಲ್ಲ ನಮೂದಿಸಿ.
5. 2ನೇ ಗಂಟೆಯ ನಮೂದು ಮೊದಲು, ನೆರವಿನ ಮಾತ್ರೆ ಆಮೇಲೆ. ಅದಕ್ಕೂ ಮುಂಚೆ ತಡೆಯಲಾಗದಿದ್ದರೆ ತೆಗೆದುಕೊಳ್ಳಿ, ಆದರೆ ಬರೆಯಿರಿ.

ನಿದ್ದೆಯೇ ಇಲ್ಲಿನ ಕಳ್ಳ. ಕತ್ತಲ ಕೋಣೆಯಲ್ಲಿ ಮಲಗಿ, 2ನೇ ಗಂಟೆ ದಾಟಿ, ಎದ್ದಾಗ ನೋವೇ ಇಲ್ಲ. ಆದರೆ ನಮೂದಿಲ್ಲದ ಕಾರಣ ಲೆಕ್ಕದಲ್ಲಿ ಸಾಮಾನ್ಯವಾಗಿ ಅದು 'ಫಲಿಸಲಿಲ್ಲ' ಎಂದೇ ಸೇರುತ್ತದೆ. ಅಲಾರಂ ಒಂದಲ್ಲ, ಎರಡಿಡಿ.

ನೋವು 3ರಿಂದ 1ಕ್ಕೆ ಇಳಿದರೆ ನಿಮಗದು ದೊಡ್ಡ ಬಿಡುಗಡೆ. ಆದರೆ ಪ್ರಧಾನ ಲೆಕ್ಕಕ್ಕೆ ಬೇಕಾದದ್ದು 0. ಇಲ್ಲಿ ಔದಾರ್ಯ ಬೇಡ, ಕಾರ್ಪಣ್ಯವೂ ಬೇಡ. 2019ರಲ್ಲಿ ಪ್ರಕಟವಾದ ರಿಮೆಜೆಪಾಂಟ್‌ನ ಬಾಯಲ್ಲಿ ಕರಗುವ ಮಾತ್ರೆಯ ಪ್ರಯೋಗದಲ್ಲಿ 2 ಗಂಟೆಗೆ ನೋವು ಪೂರ್ತಿ ಹೋದವರು ಶೇ. 21, ಪ್ಲಸೀಬೊದಲ್ಲಿ ಶೇ. 11. ಇಷ್ಟು ಅಂತರದ ಮೇಲೆ ಔಷಧದ ಭವಿಷ್ಯ ನಿಂತಿರುವಾಗ ಒಂದೊಂದು 0ಗೂ, ಒಂದೊಂದು 1ಕ್ಕೂ ತೂಕವಿದೆ.

ತೊಂದರೆ ಕಂಡರೆ, ಬಿಡಬೇಕೆನಿಸಿದರೆ

ನೆಗಡಿ, ಮಲಬದ್ಧತೆ, ಕೂದಲು ಉದುರುವುದು, ಯಾವುದೂ ಸಣ್ಣದಲ್ಲ, ಎಲ್ಲವನ್ನೂ ಹೇಳಿ. ಎರೆನುಮ್ಯಾಬ್ ಮಾರುಕಟ್ಟೆಗೆ ಬಂದ ಮೇಲೆ ತೀವ್ರ ಮಲಬದ್ಧತೆ ಮತ್ತು ರಕ್ತದೊತ್ತಡ ಏರಿಕೆಯ ಎಚ್ಚರಿಕೆಯನ್ನು ಅದರ ವಿವರ ಪತ್ರಕ್ಕೆ ಸೇರಿಸಬೇಕಾಯಿತು. ಬಂದ ಮೈಗ್ರೇನ್ ನಿಲ್ಲಿಸುವ ಲಾಸ್ಮಿಡಿಟಾನ್ ಎಂಬ ಮಾತ್ರೆ ನುಂಗಿದವರು 8 ಗಂಟೆ ವಾಹನ ಓಡಿಸಬಾರದು. ಆಸ್ಪತ್ರೆ ಸೇರುವಂತಾದರೆ ಪ್ರಯೋಗದ ಚೀಟಿ ತೋರಿಸಿ. ನೀವು ಪಡೆದದ್ದು ಏನೆಂದು ತುರ್ತಿನಲ್ಲಿ ತೆರೆದು ನೋಡುವ ವ್ಯವಸ್ಥೆ ಇರುತ್ತದೆ.

ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಆದರೆ ಸದ್ದಿಲ್ಲದೆ ಮರೆಯಾಗಬೇಡಿ, ಕೊನೆಯ ತಪಾಸಣೆಗೆ ಹೋಗಿ. ಪ್ರತಿಕಾಯದ ಇಂಜೆಕ್ಷನ್‌ಗಳು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು, ಪೂರ್ತಿ ಹೋಗಲು ಸುಮಾರು ಐದು ತಿಂಗಳು. ಗರ್ಭಧಾರಣೆ ಯೋಚಿಸುವವರು, ಬೇರೆ ಪ್ರಯೋಗ ಸೇರಬೇಕೆನ್ನುವವರು ಈ ಲೆಕ್ಕ ಇಟ್ಟುಕೊಳ್ಳಬೇಕು.

ಪ್ರಯೋಗ ಪೂರ್ತಿ ಮುಗಿದು ಗುಟ್ಟು ತೆರೆದ ಮೇಲೆ ನಿಮಗೆ ಬಂದದ್ದು ಔಷಧವೋ ಪ್ಲಸೀಬೊವೋ ಎಂದು ಬರಹದಲ್ಲಿ ಕೇಳಿ ಪಡೆದು ಮಾಮೂಲಿ ವೈದ್ಯರ ಕಡತದಲ್ಲಿ ಸೇರಿಸಿ. ಕೊನೆಯ ಡೋಸ್ ಆದ ಮೇಲೂ ಸ್ವಂತ ಡೈರಿಯನ್ನು ಮೂರು ತಿಂಗಳಾದರೂ ಮುಂದುವರಿಸಿ. ಔಷಧ ದೇಹ ಬಿಟ್ಟಂತೆ ನೋವಿನ ದಿನಗಳು ಮತ್ತೆ ಏರುತ್ತವೆಯೇ ಎಂಬುದು ಅದರಲ್ಲೇ ಕಾಣುವುದು, ಮುಂದಿನ ಚಿಕಿತ್ಸೆ ಆರಿಸುವಾಗ ವೈದ್ಯರು ಮೊದಲು ಕೇಳುವುದೂ ಅದನ್ನೇ.